ಕಾಲೇಜು ಬಿಡದೆ ಕಾಲೇಜಿನಿಂದ ಬಿಡುವು ಪಡೆಯುವುದು ಹೇಗೆ?

ಪದವಿ ಓದುವಾಗ ಒಂದಲ್ಲ ಒಂದು ಸೆಮಿಸ್ಟರ್ ಕೈಕೊಡುತ್ತದೆ. ಕಾಯಿಲೆ ಬೀಳುತ್ತೀರಿ. ಮನೆಯಲ್ಲಿ ಯಾರನ್ನೋ ನೋಡಿಕೊಳ್ಳಬೇಕಾಗುತ್ತದೆ. ಫೀಸಿಗೆ ದುಡ್ಡು ಹೊಂದುವುದಿಲ್ಲ. ಅಥವಾ ಬಿಡಲಾಗದಂಥ ಇಂಟರ್ನ್‌ಶಿಪ್ ಸಿಗುತ್ತದೆ. ಆಗ ಹೆಚ್ಚಿನವರಿಗೆ ಹೊಳೆಯುವುದು ಎರಡೇ ದಾರಿ: ಹಲ್ಲು ಕಚ್ಚಿ ಮುಂದುವರಿಯುವುದು, ಇಲ್ಲವೇ ಓದು ನಿಲ್ಲಿಸುವುದು. ಇವೆರಡರ ನಡುವೆ ಇನ್ನೂ ಎಷ್ಟೋ ದಾರಿಗಳು ವಿಶ್ವವಿದ್ಯಾಲಯದ ನಿಯಮಾವಳಿಯಲ್ಲೇ ಇರುತ್ತವೆ. ಕರೆದು ಹೇಳುವವರು ಇರುವುದಿಲ್ಲ, ಅಷ್ಟೇ.

ಹೇಳದೆ ಕೇಳದೆ ಸುಮ್ನೆ ಕ್ಲಾಸಿಗೆ ಹೋಗುವುದನ್ನು ನಿಲ್ಲಿಸುವುದಿದೆಯಲ್ಲ, ಅದು ಮಾತ್ರ ಎಲ್ಲಕ್ಕಿಂತ ದುಬಾರಿ. ನಿಮ್ಮ ಲೆಕ್ಕದಲ್ಲಿ ನೀವು ಹೊರಗಿದ್ದೀರಿ. ಕಚೇರಿಯ ಲೆಕ್ಕದಲ್ಲಿ ಇನ್ನೂ ಒಳಗೇ ಇದ್ದೀರಿ. ಫೀಸ್ ಬಾಕಿ ಬೆಳೆಯುತ್ತದೆ, ಹಾಜರಾತಿ ಕೊರತೆ ಬೀಳುತ್ತದೆ, ಬರೆಯದ ಪರೀಕ್ಷೆಗಳೆಲ್ಲ ಫೇಲ್ ಎಂದು ಅಂಕಪಟ್ಟಿಗೆ ಹತ್ತುತ್ತವೆ. ಓದು ಅರ್ಧಕ್ಕೆ ಬಿಟ್ಟು ಕಂಪನಿ ಕಟ್ಟಿದರು ಎಂದು ಬಿಲ್ ಗೇಟ್ಸ್ ಉದಾಹರಣೆ ಕೊಡುವವರು ಬಹಳ. ಆದರೆ 1975ರಲ್ಲಿ ಅವರು ಹಾರ್ವರ್ಡ್‌ನಿಂದ ಮೊದಲು ಪಡೆದದ್ದು ರಜೆ. ವಾಪಸ್ ಬರುವ ದಾರಿಯನ್ನು ಅವರೂ ಮುಚ್ಚಿಕೊಂಡಿರಲಿಲ್ಲ.

ಹಂತ 1: ತೊಂದರೆಯ ಅಳತೆ ತೆಗೆಯಿರಿ

ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ತೊಂದರೆ ಎಷ್ಟು ದಿನದ್ದು? ಅದು ಎಲ್ಲ ವಿಷಯಗಳಿಗೂ ಅಡ್ಡಿಯೋ, ಒಂದೆರಡಕ್ಕೆ ಮಾತ್ರವೋ?

ಹದಿನೈದು ದಿನದ ಟೈಫಾಯ್ಡ್‌ಗೆ ಇಡೀ ಸೆಮಿಸ್ಟರ್ ರಜೆ ಹಾಕುವುದು ಬೇಡ. ವೈದ್ಯರ ಸರ್ಟಿಫಿಕೇಟ್ ಕೊಟ್ಟು ಹಾಜರಾತಿಯಲ್ಲಿ ರಿಯಾಯಿತಿ ಕೇಳಿ. ಪರೀಕ್ಷೆ ಅದೇ ವಾರ ಬಿದ್ದರೆ ಮುಂದಕ್ಕೆ ಹಾಕಿಸಿಕೊಳ್ಳಲು ಅವಕಾಶವಿದೆಯೇ ನೋಡಿ. ಕೆಲವು ಕಡೆ ‘ಇನ್‌ಕಂಪ್ಲೀಟ್’ ಎಂಬ ಗ್ರೇಡ್ ಕೊಡುತ್ತಾರೆ. ಉಳಿದ ಕೆಲಸವನ್ನು ಗೊತ್ತುಪಡಿಸಿದ ಗಡುವಿನೊಳಗೆ ಮುಗಿಸಿದರೆ ಅದು ನಿಜವಾದ ಗ್ರೇಡ್ ಆಗಿ ಬದಲಾಗುತ್ತದೆ. ಗಡುವು ಮರೆತರೆ ಬಹುತೇಕ ಫೇಲ್ ಎಂದೇ ಆಗುತ್ತದೆ.

ಹಂತ 2: ಚಿಕ್ಕ ಉಪಾಯ ಮೊದಲು

ಭಾರ ಜಾಸ್ತಿಯಾಗಿದ್ದರೆ ಒಂದು ವಿಷಯ ಕೈಬಿಟ್ಟು ನೋಡಿ. ಇಲ್ಲಿ ತಾರೀಖೇ ಎಲ್ಲ. ಸೆಮಿಸ್ಟರ್ ಶುರುವಾದ ಮೊದಲ ಕೆಲವು ದಿನ ವಿಷಯ ಸೇರಿಸಲು, ಬಿಡಲು ಬಿಡುತ್ತಾರೆ. ಆಗ ಬಿಟ್ಟರೆ ದಾಖಲೆಯಲ್ಲಿ ಗುರುತೂ ಉಳಿಯುವುದಿಲ್ಲ. ಆ ದಿನ ದಾಟಿದ ಮೇಲೆ ಬಿಟ್ಟರೆ ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ‘ಡಬ್ಲ್ಯು’ (ವಿಷಯ ಕೈಬಿಟ್ಟ ಗುರುತು) ಎಂದು ಬರುತ್ತದೆ. ಅದು ಸರಾಸರಿ ಅಂಕವನ್ನು ಕೆಡಿಸುವುದಿಲ್ಲ. ಒಂದು ಡಬ್ಲ್ಯುಗೆ ಹೆದರಿ ಒಂದು ‘ಎಫ್’ (ಫೇಲ್) ತಂದುಕೊಳ್ಳುವುದು ದಡ್ಡತನ ಎಂದೇ ನನ್ನ ಅಭಿಪ್ರಾಯ.

ಕಡಿಮೆ ವಿಷಯ ತೆಗೆದುಕೊಳ್ಳುವ ಮುನ್ನ ಲೆಕ್ಕ ಹಾಕಿ. ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ (ಓದಿನ ಭಾರ ಅಳೆಯುವ ಏಕಮಾನ). ಎಂಟು ಸೆಮಿಸ್ಟರ್‌ಗೆ ಹಂಚಿದರೆ ತಲಾ 15. ಆದರೆ ಪೂರ್ಣಾವಧಿ ವಿದ್ಯಾರ್ಥಿ ಎನಿಸಿಕೊಳ್ಳಲು 12 ಇದ್ದರೆ ಸಾಕು. ಪ್ರತಿ ಸಲ 12 ತೆಗೆದುಕೊಂಡವರಿಗೆ ಹತ್ತು ಸೆಮಿಸ್ಟರ್ ಬೇಕಾಗುತ್ತದೆ, ಅಂದರೆ ಐದು ವರ್ಷ. ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇರುತ್ತದೆ, ಓದು ಮಾತ್ರ ಒಂದು ವರ್ಷ ಹಿಂದೆ! ಒಂದೇ ಸೆಮಿಸ್ಟರ್‌ನಲ್ಲಿ ಮೂರು ಕ್ರೆಡಿಟ್ ಬಿಟ್ಟಿದ್ದರೆ ಬೇಸಿಗೆಯ ಒಂದು ಕೋರ್ಸ್‌ನಲ್ಲಿ ಸರಿದೂಗಿಸಬಹುದು. ಆಮೇಲೆ ಯಾವಾಗಲಾದರೂ 18 ಕ್ರೆಡಿಟ್ ತೆಗೆದುಕೊಂಡೂ ಸರಿಮಾಡಬಹುದು. ಆದರೆ ಈಗಷ್ಟೇ ಸುಸ್ತಾಗಿ ಬಿಟ್ಟವರು ಮುಂದಿನ ಸಲವೇ 18 ಹೊರುತ್ತೇನೆ ಎಂದರೆ ನಂಬುವುದು ಕಷ್ಟ.

ಯುರೋಪಿನಲ್ಲಿ ಒಂದು ವರ್ಷದ ಓದು ಅಂದರೆ 60 ಇಸಿಟಿಎಸ್ (ಅಲ್ಲಿನ ದೇಶಗಳಿಗೆ ಸಾಮಾನ್ಯವಾದ ಕ್ರೆಡಿಟ್ ಪದ್ಧತಿ) ಕ್ರೆಡಿಟ್. ಲೆಕ್ಕದ ರೀತಿ ಅದೇ.

ಹಂತ 3: ಬೇರೆ ಕಡೆ ಓದಿ ಇಲ್ಲಿ ಸೇರಿಸಬಹುದೇ?

ಊರು ಬದಲಿಸಬೇಕಾಗಿ ಬಂದವರು ಇದನ್ನು ಮರೆತೇ ಬಿಡುತ್ತಾರೆ. ಒಂದು ಸೆಮಿಸ್ಟರ್ ಬೇರೆ ವಿಶ್ವವಿದ್ಯಾಲಯದಲ್ಲಿ ಅತಿಥಿ ವಿದ್ಯಾರ್ಥಿಯಾಗಿ ಓದಬಹುದು, ವಿನಿಮಯ ಕಾರ್ಯಕ್ರಮದಲ್ಲಿ ಹೋಗಬಹುದು. ಯುರೋಪಿನ ಎರಾಸ್ಮಸ್ ಕಾರ್ಯಕ್ರಮ 1987ರಿಂದ ನಡೆಯುತ್ತಿದೆ. ಭಾರತದಲ್ಲಿ ‘ಸ್ವಯಂ’ ಪೋರ್ಟಲ್‌ನ ಆನ್‌ಲೈನ್ ಕೋರ್ಸ್‌ಗಳಿವೆ. ಒಂದು ಸೆಮಿಸ್ಟರ್‌ನ ಶೇ 40ರಷ್ಟು ಕೋರ್ಸ್‌ಗಳವರೆಗೆ ಅಲ್ಲಿ ಓದಿದ್ದನ್ನು ಒಪ್ಪಿಕೊಳ್ಳಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ವಿಶ್ವವಿದ್ಯಾಲಯಗಳಿಗೆ ಅವಕಾಶ ಕೊಡುತ್ತದೆ. ಎರಡು ಪದವಿಗಳನ್ನು ಒಟ್ಟಿಗೆ ಓದುವುದಕ್ಕೂ ಯುಜಿಸಿ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಎರಡರ ಕ್ಲಾಸಿನ ಸಮಯ ಒಂದಕ್ಕೊಂದು ಅಡ್ಡ ಬರಬಾರದು.

ಇಲ್ಲೊಂದು ಎಚ್ಚರಿಕೆ. ಯಾವ ಕೋರ್ಸ್‌ಗೆ ಯಾವ ವಿಷಯದ ಬದಲಿ ಕ್ರೆಡಿಟ್ ಸಿಗುತ್ತದೆ ಎಂಬ ಒಪ್ಪಿಗೆಯನ್ನು ಸೇರುವ ಮೊದಲೇ ಪಡೆಯಬೇಕು. ಓದಿ ಮುಗಿಸಿದ ಮೇಲೆ ಕೇಳಿದರೆ, ಸಿಲಬಸ್ ಹೊಂದುವುದಿಲ್ಲ ಎಂದು ಮೇಜಿನಾಚೆಯಿಂದ ಒಂದೇ ಮಾತಿನಲ್ಲಿ ಕಳಿಸಿಬಿಡಬಹುದು.

ಹಂತ 4: ಪೂರ್ತಿ ರಜೆ

ಮೇಲಿನ ಯಾವುದೂ ಆಗದಿದ್ದರೆ ಒಂದು ಅಥವಾ ಎರಡು ಸೆಮಿಸ್ಟರ್ ರಜೆ. ಜರ್ಮನಿಯಲ್ಲಿ ಇದಕ್ಕೆ ‘ಉರ್ಲೌಬ್ಸ್‌ಸೆಮೆಸ್ಟರ್’ ಎಂಬ ವ್ಯವಸ್ಥೆಯೇ ಇದೆ. ದಕ್ಷಿಣ ಕೊರಿಯಾದಲ್ಲಿ ಕಡ್ಡಾಯ ಸೇನಾ ಸೇವೆಗೆ ಹುಡುಗರು ಪದವಿಯ ಮಧ್ಯೆ ರಜೆ ಹಾಕಿ ಹೋಗುವುದು ತೀರಾ ಮಾಮೂಲಿ. ಇನ್ನೂ ಸೇರಿಯೇ ಇಲ್ಲ, ಸೀಟು ಮಾತ್ರ ಸಿಕ್ಕಿದೆ ಅನ್ನುವವರು ಪ್ರವೇಶವನ್ನೇ ಒಂದು ವರ್ಷ ಮುಂದೂಡಲು ಕೇಳಬಹುದು. 2016ರಲ್ಲಿ ಹಾರ್ವರ್ಡ್‌ನಲ್ಲಿ ಸೀಟು ಸಿಕ್ಕ ಮಲಿಯಾ ಒಬಾಮ (ಅಮೆರಿಕದ ಮಾಜಿ ಅಧ್ಯಕ್ಷ ಬರಾಕ್ ಒಬಾಮ ಅವರ ಮಗಳು) ಒಂದು ವರ್ಷ ಬಿಟ್ಟು 2017ರಲ್ಲಿ ಸೇರಿದ್ದು ಹೀಗೆ.

ಗರ್ಭಿಣಿ ವಿದ್ಯಾರ್ಥಿನಿಯರು ಕೇಳಲು ಹಿಂಜರಿಯಬೇಕಿಲ್ಲ. ಹೆರಿಗೆ ರಜೆ, ಹಾಜರಾತಿ ವಿನಾಯಿತಿ, ಪರೀಕ್ಷಾ ಅರ್ಜಿಯ ಗಡುವು ವಿಸ್ತರಣೆಗೆ ನಿಯಮ ರೂಪಿಸಿ ಎಂದು ಯುಜಿಸಿ 2021ರ ಡಿಸೆಂಬರ್‌ನಲ್ಲೇ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿದೆ. ಅದರಲ್ಲಿ ಪದವಿ ವಿದ್ಯಾರ್ಥಿನಿಯರೂ ಸೇರಿದ್ದಾರೆ. ಕಚೇರಿಯಲ್ಲಿ ‘ಅಂಥದ್ದೇನೂ ಇಲ್ಲ’ ಅಂದರೆ ಆ ಪತ್ರದ ಪ್ರತಿ ತೋರಿಸಿ.

ರಜೆಯಲ್ಲಿ ಒಂದು ಗುಪ್ತ ಹಳ್ಳವಿದೆ. ಗಣಿತ-1 ವರ್ಷದ ಮೊದಲ ಸೆಮಿಸ್ಟರ್‌ನಲ್ಲಿ ಮಾತ್ರ ಇರುತ್ತದೆ, ಗಣಿತ-2 ಎರಡನೆಯದರಲ್ಲಿ ಮಾತ್ರ ಎಂದಿಟ್ಟುಕೊಳ್ಳಿ. ನೀವು ಮೊದಲ ಸೆಮಿಸ್ಟರ್ ರಜೆ ಹಾಕಿ ಎರಡನೆಯದಕ್ಕೆ ಬಂದರೆ, ಗಣಿತ-1 ಆಗದೆ ಗಣಿತ-2ಕ್ಕೆ ಕೂರಿಸುವುದಿಲ್ಲ. ಗಣಿತ-1 ಮತ್ತೆ ಬರುವುದು ಮುಂದಿನ ವರ್ಷ. ಆರು ತಿಂಗಳ ರಜೆ ಅಂದುಕೊಂಡಿದ್ದು ಒಂದು ವರ್ಷವಾಯಿತು. ಅದಕ್ಕೇ ರಜೆ ಹಾಕುವ ಮುನ್ನ ಉಳಿದ ಎಲ್ಲ ಸೆಮಿಸ್ಟರ್‌ಗಳ ವಿಷಯಗಳನ್ನು ಒಂದು ಹಾಳೆಯಲ್ಲಿ ಬರೆದು ವಿಭಾಗದ ಮುಖ್ಯಸ್ಥರ ಮುಂದಿಡಿ.

ಮರಳುವ ಖಾತರಿಯೇ ಇಲ್ಲದವರಿಗೆ ಭಾರತದಲ್ಲಿ ಇನ್ನೊಂದು ಆಯ್ಕೆಯಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಒಂದು ವರ್ಷ ಮುಗಿಸಿದವರು ಸರ್ಟಿಫಿಕೇಟ್, ಎರಡು ವರ್ಷ ಮುಗಿಸಿದವರು ಡಿಪ್ಲೊಮಾ ಪಡೆದು ಹೊರಬರಬಹುದು. ಕ್ರೆಡಿಟ್‌ಗಳು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ (ಕ್ರೆಡಿಟ್‌ಗಳನ್ನು ಕೂಡಿಡುವ ಡಿಜಿಟಲ್ ಖಾತೆ) ಗರಿಷ್ಠ 7 ವರ್ಷ ಉಳಿಯುತ್ತವೆ. ಎಲ್ಲ ವಿಶ್ವವಿದ್ಯಾಲಯಗಳೂ ಇದನ್ನು ಅಳವಡಿಸಿಕೊಂಡಿಲ್ಲ. ನಿಮ್ಮದರಲ್ಲಿ ಇದೆಯೇ ಎಂದು ಮೊದಲು ವಿಚಾರಿಸಿ.

ಹಂತ 5: ದುಡ್ಡು, ವೀಸಾ

ಫೀಸ್ ವಾಪಸಾತಿ, ವಿದ್ಯಾರ್ಥಿವೇತನ, ಸಾಲ, ಹಾಸ್ಟೆಲ್, ಆರೋಗ್ಯ ವಿಮೆ – ಈ ಐದನ್ನೂ ಬೇರೆ ಬೇರೆಯಾಗಿ ಕೇಳಬೇಕು. ಒಂದೇ ಕಿಟಕಿಯಲ್ಲಿ ಐದಕ್ಕೂ ಉತ್ತರ ಸಿಗುವುದಿಲ್ಲ.

ಅಮೆರಿಕದಲ್ಲಿ ಸರ್ಕಾರಿ ನೆರವು ಪಡೆದವರು ಸೆಮಿಸ್ಟರ್‌ನ ಶೇ 60ರಷ್ಟು ದಾಟಿದ ಮೇಲೆ ಹೊರಬಂದರೆ ಆ ನೆರವು ಪೂರ್ತಿ ಅವರದ್ದೇ. 15 ವಾರದ ಸೆಮಿಸ್ಟರ್ ಆದರೆ ಸುಮಾರು ಒಂಬತ್ತು ವಾರ. ಐದನೇ ವಾರ ಮುಗಿಸಿ ಹೊರಟರೆ ಮೂರನೇ ಒಂದು ಪಾಲಿಗೆ ಮಾತ್ರ ಹಕ್ಕು, ಉಳಿದದ್ದರ ಲೆಕ್ಕ ವಾಪಸ್. ಅಲ್ಲಿನ ಸರ್ಕಾರಿ ಶಿಕ್ಷಣ ಸಾಲ ಪಡೆದವರು ಪೂರ್ಣಾವಧಿ ಓದಿನ ಅರ್ಧಕ್ಕಿಂತ ಕೆಳಗಿಳಿದರೆ ಆರು ತಿಂಗಳ ಬಿಡುವಿನ ನಂತರ ಕಂತು ಶುರುವಾಗುತ್ತದೆ.

ವಿದೇಶದಲ್ಲಿ ಓದುವವರು ಮೊದಲು ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ, ಆಮೇಲೆ ಬೇರೆ ಕಡೆ. ಈ ಕ್ರಮ ತಪ್ಪಿದರೆ ವೀಸಾಕ್ಕೇ ಕುತ್ತು. ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಒಪ್ಪಿಗೆಯಿಲ್ಲದೆ 12 ಕ್ರೆಡಿಟ್‌ಗಿಂತ ಕೆಳಗೆ ಇಳಿಯುವಂತಿಲ್ಲ. ಅನಾರೋಗ್ಯಕ್ಕಾದರೆ ವೈದ್ಯರ ಪತ್ರದ ಮೇಲೆ ಒಂದು ಪದವಿಗೆ ಒಟ್ಟು 12 ತಿಂಗಳವರೆಗೆ ರಿಯಾಯಿತಿ ಸಿಗುತ್ತದೆ. ಓದಿಗೆ ಪೂರ್ತಿ ರಜೆ ಹಾಕಿದರೆ ಒಪ್ಪಿಗೆ ಪಡೆದು 15 ದಿನದೊಳಗೆ ದೇಶ ಬಿಡಬೇಕು. ಐದು ತಿಂಗಳು ಮೀರಿದರೆ ಹೊಸದಾಗಿ ಐ-20 ಪತ್ರ (ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಪ್ರವೇಶ ದಾಖಲೆ) ಬೇಕಾಗುತ್ತದೆ. ಬ್ರಿಟನ್‌ನಲ್ಲಿ ಓದಿನ ಬಿಡುವು 60 ದಿನ ಮೀರುವುದಾದರೆ ವಿಶ್ವವಿದ್ಯಾಲಯ ಸಾಮಾನ್ಯವಾಗಿ ವೀಸಾದ ಪ್ರಾಯೋಜಕತ್ವ ಹಿಂತೆಗೆದುಕೊಳ್ಳುತ್ತದೆ.

ಹಂತ 6: ಅರ್ಜಿ ಬರೆಯಿರಿ

ಕಥೆ ಬೇಡ, ಗೋಳು ಬೇಡ. ಯಾಕೆ, ಯಾವಾಗಿನಿಂದ, ಯಾವಾಗ ಮರಳುತ್ತೀರಿ, ಏನು ಲಗತ್ತಿಸಿದ್ದೀರಿ – ಇಷ್ಟಿದ್ದರೆ ಸಾಕು. ಹೀಗೆ:

“ಮಾನ್ಯರೇ, ನಾನು ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರ್ ವಿದ್ಯಾರ್ಥಿ. ಬೆನ್ನಿನ ಶಸ್ತ್ರಚಿಕಿತ್ಸೆಗಾಗಿ ಬರುವ ಎರಡು ಸೆಮಿಸ್ಟರ್‌ಗಳ ಅವಧಿಗೆ ರಜೆ ಕೋರುತ್ತಿದ್ದೇನೆ. ಅದರ ನಂತರದ ಶೈಕ್ಷಣಿಕ ವರ್ಷದಲ್ಲಿ ಐದನೇ ಸೆಮಿಸ್ಟರ್‌ಗೆ ಮರಳುತ್ತೇನೆ. ವೈದ್ಯರ ಪತ್ರ ಮತ್ತು ಅಂಕಪಟ್ಟಿ ಲಗತ್ತಿಸಿದ್ದೇನೆ. ರಜೆಯ ಅವಧಿಯಲ್ಲಿ ನನ್ನ ಪ್ರವೇಶ ಮತ್ತು ವಿದ್ಯಾರ್ಥಿವೇತನ ಮುಂದುವರಿಯುತ್ತವೆಯೇ, ಮರಳಿದಾಗ ಯಾವ ಸಿಲಬಸ್ ಅನ್ವಯಿಸುತ್ತದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.”

ಕೊನೆಯ ಸಾಲನ್ನು ಬಿಡಬೇಡಿ. ನೀವು ಬರುವಷ್ಟರಲ್ಲಿ ಸಿಲಬಸ್ ಬದಲಾಗಿರಬಹುದು, ಕಚೇರಿಯಲ್ಲಿ ಕುಳಿತವರೂ ಬದಲಾಗಿರಬಹುದು. ಮಾನಸಿಕ ಆರೋಗ್ಯದ ಕಾರಣವಿದ್ದರೆ ಕಾಯಿಲೆಯ ಹೆಸರನ್ನು ಅರ್ಜಿಯಲ್ಲಿ ಬರೆಯಬೇಕಾಗಿಲ್ಲ. ‘ಈ ಅವಧಿಯಲ್ಲಿ ಓದು ಮುಂದುವರಿಸಲು ಆಗುವುದಿಲ್ಲ’ ಎಂಬ ವೈದ್ಯರ ಪತ್ರವನ್ನು ಮೊದಲು ಕೊಡಿ. ಹೆಚ್ಚಿನ ವಿವರ ಕೇಳಿದರೆ ಅದನ್ನು ಯಾರು ನೋಡುತ್ತಾರೆ ಎಂದು ತಿಳಿದುಕೊಂಡು ಕೊಡಿ.

ಅರ್ಜಿಯ ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ತಾರೀಖು ಹಾಕಿಸಿಕೊಳ್ಳಿ. ಆನ್‌ಲೈನ್ ಆದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ನೀವು ರಜೆಯಲ್ಲಿಲ್ಲ ಎಂದೇ ತಿಳಿಯಿರಿ, ಆಗುವಷ್ಟು ಕ್ಲಾಸಿಗೆ ಹೋಗಿ.

ಹಂತ 7: ಮರಳುವ ತಯಾರಿ

ರಜೆ ಮುಗಿದ ತಕ್ಷಣ ಹೆಸರು ತಾನಾಗಿಯೇ ಹಾಜರಿ ಪುಸ್ತಕಕ್ಕೆ ಬರುವುದಿಲ್ಲ. ಮರುಪ್ರವೇಶಕ್ಕೆ ಬೇರೆ ಅರ್ಜಿಯಿರುತ್ತದೆ, ಅದರ ಗಡುವು ಸೆಮಿಸ್ಟರ್ ಶುರುವಾಗುವುದಕ್ಕೆ ಬಹಳ ಮೊದಲೇ ಇರಬಹುದು. ಅನಾರೋಗ್ಯದ ರಜೆಯಾದರೆ ಫಿಟ್‌ನೆಸ್ ಸರ್ಟಿಫಿಕೇಟ್ ಕೇಳಬಹುದು. ಗ್ರಂಥಾಲಯದ ಬಾಕಿ ಪುಸ್ತಕ ಒಂದಿದ್ದರೂ ನೋಂದಣಿ ನಿಂತುಬಿಡುತ್ತದೆ. ಅದನ್ನು ಹೋಗುವಾಗಲೇ ತೀರಿಸಿ. ಕಾಲೇಜಿನ ಇಮೇಲ್ ಖಾತೆ ರಜೆಯಲ್ಲೂ ತೆರೆದಿರುತ್ತದೆಯೇ ಎಂದು ಕೇಳಿ. ಮುಚ್ಚುವುದಾದರೆ ಕಚೇರಿಯಲ್ಲಿ ನಿಮ್ಮ ಸ್ವಂತ ಇಮೇಲ್ ಬರೆಸಿ ಬನ್ನಿ, ಮರುಪ್ರವೇಶದ ಸೂಚನೆ ಬರುವುದೇ ಅಲ್ಲಿಗೆ.