ಪೆಟ್ಟಿಗೆ ಮುಚ್ಚುವುದು ಬೇಸಿಗೆಯಲ್ಲೇ

ರಾಜಾಜಿನಗರದಲ್ಲಿ ನಮ್ಮ ಮನೆ ಮಹಡಿಯ ಮೇಲೊಂದು ಸಣ್ಣ ಕೋಣೆ ಇದೆ. ರಜೆ ಸಿಕ್ಕಾಗಲೆಲ್ಲ ಅಲ್ಲಿ ಕೂತು ಗಿಟಾರ್, ಮ್ಯಾಂಡೊಲಿನ್ ಮಾಡುತ್ತೇನೆ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ, ಇದು ಬರೀ ಪ್ರೀತಿಗೆ. ಹೊಸದಾಗಿ ಶುರು ಮಾಡುವವರು ಯಾವ ಉಳಿ, ಯಾವ ಗರಗಸ ಕೊಳ್ಳಬೇಕು ಅಂತ ಕೇಳುತ್ತಾರೆ. ಗಾಳಿಯ ತೇವ ಅಳೆಯುವ ಮೀಟರ್ ಒಂದು ಮೊದಲು ತಗೊಳ್ಳಿ ಅನ್ನುತ್ತೇನೆ.

ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಿಗ್ಗುವುದು, ಕುಗ್ಗುವುದು ಎಲ್ಲಾ ಅಗಲಕ್ಕೆ. ಗಿಟಾರಿನ ಮುಂಭಾಗದ ಸ್ಪ್ರೂಸ್ (ಚಳಿ ದೇಶಗಳ ಒಂದು ಮರ) ಹಲಗೆ ಅಗಲ ಇರುವ ಕಡೆ ಸುಮಾರು 400 ಮಿ.ಮೀ. ಇರುತ್ತದೆ. ದಪ್ಪ ಮೂರು ಮಿ.ಮೀ.ಗಿಂತ ಕಡಿಮೆ. ಗಾಳಿಯ ತೇವ ಶೇ 40ರಿಂದ 75ಕ್ಕೆ ಏರಿದರೆ ಆ ಹಲಗೆ ಮೂರು-ನಾಲ್ಕು ಮಿ.ಮೀ.ವರೆಗೂ ಅಗಲವಾಗಬಹುದು. ಆದರೆ ಅದರ ಒಳಮೈಗೆ ಬಲಕ್ಕೆಂದು ಅಡ್ಡಡ್ಡ ಪಟ್ಟಿಗಳನ್ನು ಅಂಟಿಸಿರುತ್ತೇವೆ. ಪಟ್ಟಿ ಜಗ್ಗುವುದಿಲ್ಲ. ಮಳೆಗಾಲದಲ್ಲಿ ಅಂಟಿಸಿದ ಹಲಗೆ ಮಾರ್ಚ್ ಬಿಸಿಲಿಗೆ ಕುಗ್ಗಲು ನೋಡುತ್ತದೆ, ಪಟ್ಟಿ ಬಿಡುವುದಿಲ್ಲ, ಕೊನೆಗೆ ಹಲಗೆ ಸೀಳುತ್ತದೆ. ಒಣ ಹವೆಯಲ್ಲಿ ಅಂಟಿಸಿದ್ದು ಹಾಗಲ್ಲ. ಮಳೆ ಬಂದಾಗ ಸ್ವಲ್ಪ ಉಬ್ಬುತ್ತದೆ, ತಂತಿ ಚೂರು ಎತ್ತರವಾಗುತ್ತದೆ. ಬಿರುಕಿನ ಭಯ ಬಹಳ ಕಡಿಮೆ.

ಅದಕ್ಕೇ ಪಟ್ಟಿ ಅಂಟಿಸುವುದು, ಪೆಟ್ಟಿಗೆ (ವಾದ್ಯದ ಟೊಳ್ಳು ಒಡಲು) ಮುಚ್ಚುವುದು ಎರಡನ್ನೂ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಸುತ್ತೇನೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕತ್ತು ಕೆತ್ತುವುದು, ಪಕ್ಕದ ಹಲಗೆ ಬಗ್ಗಿಸುವುದು, ಅಚ್ಚು ಮಾಡಿಕೊಳ್ಳುವುದು. ಮಳೆಗಾಲದಲ್ಲೂ ಅಂಟಿಸಲೇಬೇಕಾದರೆ ಒಂದು ಉಪಾಯ ಇದೆ. ಹಳೇ ಮರದ ಬೀರುವಿನೊಳಗೆ 60 ವ್ಯಾಟಿನ ಹಳೇ ಕಾಲದ ಬಲ್ಬು ಉರಿಸಿ, ಹಲಗೆಗಳನ್ನು ಬಲ್ಬಿನಿಂದ ದೂರ ಇಡಿ. ಗಾಳಿ ಬಿಸಿಯಾದರೆ ಅದರ ತೇವದ ಪ್ರಮಾಣ ತಾನಾಗಿ ಇಳಿಯುತ್ತದೆ. ಶೇ 45ರ ಆಸುಪಾಸಿಗೆ ಬಂದು, ಅಲ್ಲೇ ಕೆಲವು ದಿನ ನಿಂತ ಮೇಲೆ ಕೆಲಸ ಶುರು ಮಾಡಬಹುದು.

ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ನೀರು ಚಿಮುಕಿಸಿ. ಮೀಟರ್ ಜೊತೆ ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಗ್ಗೆ ಶೇ 75 ತೋರಿಸಬೇಕು. ಎಷ್ಟು ಹೆಚ್ಚು ಕಡಿಮೆ ಇದೆಯೋ ಅಷ್ಟು ಲೆಕ್ಕದಲ್ಲಿಟ್ಟುಕೊಂಡರೆ ಸಾಕು.

ಸ್ಪ್ರೂಸ್ ಹಲಗೆಯನ್ನು ಹೊರಗಿನಿಂದ ತರಿಸುತ್ತೇನೆ. ಉಳಿದ ಮರಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಹೋಗುತ್ತೇನೆ. ಎರಡೂವರೆ ಮಿ.ಮೀ. ದಪ್ಪಕ್ಕೆ ಸೀಳಿಕೊಡಿ ಅಂದಾಗ ಸಾಮಿಲ್‌ನ ಯಜಮಾನರು, "ಏನ್ ಸಾರ್, ಹಲಗೆ ಬೇಕೋ ಹಪ್ಪಳ ಬೇಕೋ?" ಅಂದಿದ್ದರು. ಈಗ ಅವರೇ ನನಗಾಗಿ ತುಂಡು ಎತ್ತಿಡುತ್ತಾರೆ. ಹಲಗೆಯ ತುದಿ ನೋಡಿದರೆ ವರ್ಷದ ಉಂಗುರಗಳು ಮೈಗೆ ನೆಟ್ಟಗೆ ನಿಂತಿರಬೇಕು. ಹಾಗೆ ಸೀಳಿದ ಮರ ಮಾಮೂಲಿ ಸೀಳಿನ ಹಲಗೆಗಿಂತ ಹೆಚ್ಚು ಕಡಿಮೆ ಅರ್ಧದಷ್ಟೇ ಹಿಗ್ಗುತ್ತದೆ.

ಹಿಂಭಾಗಕ್ಕೂ ಪಕ್ಕಕ್ಕೂ ನನಗೆ ನಮ್ಮ ಬೀಟೆಯೇ ಇಷ್ಟ. ಬ್ರೆಜಿಲ್‌ನ ಬೀಟೆ ಸಿಗುವುದು ಕಷ್ಟವಾದಾಗ ಅಮೆರಿಕದ ಗಿಟಾರ್ ಕಂಪನಿ ಮಾರ್ಟಿನ್ 1969ರಲ್ಲಿ ಭಾರತದ ಬೀಟೆಗೆ ಬದಲಾಯಿಸಿತು. ಮಲೆನಾಡಿನ ಮರದ ಬೆಲೆ ಹೊರಗಿನವರಿಗೂ ಗೊತ್ತು ಅಲ್ವಾ? ಆದರೆ ಬಿಲ್ ಇಲ್ಲದೆ ಒಂದು ತುಂಡೂ ಮುಟ್ಟಬೇಡಿ. 2017ರಿಂದ ಇದು ಸೈಟಿಸ್ ಒಪ್ಪಂದದ (ಅಳಿವಿನಂಚಿನ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಪಟ್ಟಿಯಲ್ಲಿದೆ. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಮರಕ್ಕಲ್ಲ.

ನನಗೆ ಎಲ್ಲಕ್ಕಿಂತ ಖುಷಿ ಕೊಡುವುದು ಬಗ್ಗಿಸುವ ಕೆಲಸ. ಒಂದು ಕಬ್ಬಿಣದ ಪೈಪನ್ನು ಬೈಸ್‌ಗೆ (ಬಿಗಿ ಹಿಡಿಯುವ ಇಕ್ಕಳ) ಸಿಕ್ಕಿಸಿ ಒಳಗಿನಿಂದ ಗ್ಯಾಸ್ ಟಾರ್ಚಿನ ಉರಿಯಲ್ಲಿ ಕಾಯಿಸುತ್ತೇನೆ. ನೀರು ಚಿಮುಕಿಸಿದರೆ ಹನಿ ಚುಯ್ಯೆಂದು ಹಾರಿಹೋಗಬೇಕು. ಎರಡು ಮಿ.ಮೀ.ಗೆ ತೋಪಡ ಹೊಡೆದು ತೆಳ್ಳಗೆ ಮಾಡಿದ ಬೀಟೆ ಪಟ್ಟಿಯನ್ನು ಒದ್ದೆ ಮಾಡಿ ಪೈಪಿಗೆ ಒತ್ತಿ ಹಿಡಿಯುವುದು. ಮೊದಲು ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ. ಆಮೇಲೆ ಕೋಣೆ ತುಂಬಾ ಸಿಹಿ ಪರಿಮಳ ಬರುತ್ತದೆ, ಮರ ಕೈಯಲ್ಲಿ ಮೆತ್ತಗಾಗುತ್ತದೆ. ಆ ಕ್ಷಣ ಕೈಗೇ ಗೊತ್ತಾಗುತ್ತದೆ. ಅವಸರ ಮಾಡಿ ಒತ್ತಬಾರದು, ಮರ ತಾನೇ ಬರುತ್ತದೆ.

ಸ್ವರ ಹುಟ್ಟುವುದು ಮಾತ್ರ ಮುಂದಿನ ಹಲಗೆಯಲ್ಲಿ. ಸ್ಪೇನಿನ ಆಂಟೋನಿಯೊ ಡಿ ಟೊರೆಸ್ 1862ರಲ್ಲಿ ಹಿಂಭಾಗಕ್ಕೂ ಪಕ್ಕಕ್ಕೂ ಕಾಗದದ ರಟ್ಟು ಬಳಸಿ ಒಂದು ಗಿಟಾರ್ ಮಾಡಿದ್ದ, ಇದನ್ನು ತೋರಿಸಲಿಕ್ಕೇ. ನಾನು ಹಲಗೆಯನ್ನು ಎರಡು ಬೆರಳಲ್ಲಿ ಹಿಡಿದು ತಟ್ಟಿ ಕೇಳುತ್ತೇನೆ, ತೋಪಡ ಹೊಡೆಯುತ್ತೇನೆ, ಮತ್ತೆ ತಟ್ಟುತ್ತೇನೆ. ಟಪ್ ಅನ್ನುತ್ತಿದ್ದದ್ದು ಉದ್ದಕ್ಕೆ ಗುಂಯ್‌ಗುಡಲು ಶುರುವಾದಾಗ ಕೈ ನಿಲ್ಲಿಸುತ್ತೇನೆ. ಇಷ್ಟೇ ದಪ್ಪ ಅಂತ ಒಂದು ಅಳತೆ ಹಿಡಿದು ಕೂರುವುದು ನನಗೆ ಸರಿ ಕಾಣುವುದಿಲ್ಲ. ಒಂದೊಂದು ಮರದ ಗಡಸು ಒಂದೊಂದು ಥರ. ಪಟ್ಟಿಗಳಿಗೆ ಚರ್ಮದಿಂದ ಮಾಡಿದ ಅಂಟನ್ನು 60 ಡಿಗ್ರಿಗೆ ಕಾಯಿಸಿ ಹಚ್ಚುತ್ತೇನೆ. ಬಡಗಿಗಳ ಬಿಳಿ ಅಂಟು ಮೇಜು ಕುರ್ಚಿಗೆ ಚೆನ್ನ, ಆದರೆ ಸದಾ ಎಳೆತ ಇರುವ ಕಡೆ ನಿಧಾನಕ್ಕೆ ಜಾರುತ್ತದೆ.

ಮ್ಯಾಂಡೊಲಿನ್‌ನ ಹಿಂಭಾಗಕ್ಕೆ ಹಲಸು ಹಾಕಿ ನೋಡಿ. ದೊಡ್ಡಬಳ್ಳಾಪುರದ ಹತ್ತಿರ ಸಿಂಪಾಡಿಪುರದಲ್ಲಿ ವೀಣೆ ಮಾಡುವವರು ಬಳಸುವುದು ಅದೇ ಮರ. ಹಲಸಿನಲ್ಲಿ ಸ್ವರ ದುಂಡಗೆ ಬರುತ್ತದೆ, ಬೀಟೆಯಷ್ಟು ಹೊತ್ತು ನಿಲ್ಲುವುದಿಲ್ಲ. ಮ್ಯಾಂಡೊಲಿನ್‌ನ ಚುರುಕು ಮೀಟಿಗೆ ಅದೇ ಒಪ್ಪುತ್ತದೆ. ಮೆಟ್ಟಿಲು (ಫ್ರೆಟ್) ಕೂರಿಸುವಾಗ ಮಾತ್ರ ಜಾಸ್ತಿ ಗಮನ ಬೇಕು. ವೀಣೆಯಲ್ಲಿ ಮೇಣ ಸರಿಸಿ ಮೆಟ್ಟಿಲನ್ನು ತಿದ್ದಬಹುದು, ಇಲ್ಲಿ ಮೆಟ್ಟಿಲಿಗೆ ಕಚ್ಚು ಕೊರೆದರೆ ಮುಗಿಯಿತು. ಲೆಕ್ಕ ಸುಲಭ: ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಮೆಟ್ಟಿಲಿನ ದೂರ ಸಿಗುತ್ತದೆ. ತಂತಿಯ ಉದ್ದ 650 ಮಿ.ಮೀ. ಇರುವ ಗಿಟಾರಿನಲ್ಲಿ ಮೊದಲ ಮೆಟ್ಟಿಲು 36.5 ಮಿ.ಮೀ.ಗೆ, 350ರ ಮ್ಯಾಂಡೊಲಿನ್‌ನಲ್ಲಿ 19.6ಕ್ಕೆ. ಜಾಗ ಚಿಕ್ಕದಾದಷ್ಟೂ ಕೂದಲೆಳೆಯ ತಪ್ಪೂ ಕಿವಿಗೆ ಬೀಳುತ್ತದೆ. ಪ್ರತಿ ದೂರವನ್ನೂ ಕತ್ತಿನ ಮೇಲೆ ತಂತಿ ಶುರುವಾಗುವ ತುದಿಯಿಂದಲೇ ಅಳೆಯಿರಿ. ಮೆಟ್ಟಿಲಿಂದ ಮೆಟ್ಟಿಲಿಗೆ ಅಳೆದರೆ ತಪ್ಪು ಕೂಡಿಕೊಳ್ಳುತ್ತಾ ಹೋಗುತ್ತದೆ.

ಕೊನೆಗೆ ಅರಗಿನ ಪಾಲಿಶ್. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯುಂಡೆಯಲ್ಲಿ ತೆಳ್ಳಗೆ ಉಜ್ಜುವುದು. ಮಳೆಯ ದಿನ ಮಾಡಿದರೆ ಬೆಳ್ಳಗೆ ಮಂಜು ಕಟ್ಟುತ್ತದೆ, ಅದಕ್ಕೂ ಒಣ ದಿನವೇ ಬೇಕು. ಗಿಟಾರಿನ ಆರು ಉಕ್ಕಿನ ತಂತಿಗಳ ಎಳೆತ ಎಲ್ಲಾ ಸೇರಿ 70 ಕಿಲೋ ದಾಟುತ್ತದೆ. ಮ್ಯಾಂಡೊಲಿನ್‌ನ ಎಂಟು ತಂತಿಗಳದ್ದೂ ಹತ್ತಿರ ಹತ್ತಿರ ಅಷ್ಟೇ, ಅದೂ ಅಷ್ಟು ಪುಟ್ಟ ಪೆಟ್ಟಿಗೆಯ ಮೇಲೆ. ಹಾಗಾಗಿ ಮೊದಲ ದಿನವೇ ಪೂರ್ತಿ ಶ್ರುತಿಗೆ ಏರಿಸುವುದಿಲ್ಲ. ಒಂದು ಸ್ವರ ಕೆಳಗೆ ಕಟ್ಟಿ, ಕುದುರೆಯ (ತಂತಿಗಳನ್ನು ಹೊರುವ ಬ್ರಿಜ್) ಮುಂದೆ ಹಲಗೆ ಎಷ್ಟು ತಗ್ಗುತ್ತದೆ ಅಂತ ಅಳತೆಪಟ್ಟಿ ಇಟ್ಟು ನೋಡುತ್ತೇನೆ. ಎರಡು ಮೂರು ದಿನ ಅದು ಅಲ್ಲೇ ನಿಂತರೆ ಮೇಲಕ್ಕೆ ಏರಿಸುತ್ತೇನೆ.