ಮಂಡ್ಯದಲ್ಲಿ ಚಿತ್ರ ಯಾರು ಕೊಳ್ತಾರೆ ಅಂದವರಿಗೆ

"ಮಂಡ್ಯದಲ್ಲಿ ಕಬ್ಬು ಕೊಳ್ಳೋರು ಸಿಗಬಹುದು, ಚಿತ್ರ ಕೊಳ್ಳೋರು ಎಲ್ಲಿ ಸಿಗ್ತಾರೆ ಗುರೂ?" ಅಂತ ನಕ್ಕಿದ್ದ ನನ್ನ ಗೆಳೆಯ. ಮೈಸೂರಿನ ಕಾವಾ ಚಿತ್ರಕಲಾ ಕಾಲೇಜಿನಲ್ಲಿ ನಾವಿಬ್ಬರೂ ಒಟ್ಟಿಗೆ ಓದಿದವರು. ಅವನು ಬೆಂಗಳೂರಿಗೆ ಹೋಗಿ ಜಾಹೀರಾತು ಕಂಪನಿ ಸೇರಿದ, ನಾನು ಮಂಡ್ಯದಲ್ಲಿ ಡ್ರಾಯಿಂಗ್ ಮೇಷ್ಟ್ರಾದೆ. ಅವನು ನಕ್ಕಿದ್ದು ಮೂರು ವರ್ಷದ ಹಿಂದೆ. ಈಗ ನಮ್ಮ ಹತ್ರ ಊರಿನವರೇ ಸೇರಿ ದುಡ್ಡು ಕೊಟ್ಟು ಕೊಂಡ 43 ಚಿತ್ರಗಳ ಲೆಕ್ಕ ಇದೆ. ಎಲ್ಲವೂ ಮಂಡ್ಯ, ಪಾಂಡವಪುರ, ಮದ್ದೂರು, ಶ್ರೀರಂಗಪಟ್ಟಣ ಕಡೆಯ ಹುಡುಗ ಹುಡುಗಿಯರು ಬರೆದದ್ದು. ಹೇಗೆ ಮಾಡಿದ್ರಿ ಅಂತ ಮೈಸೂರು, ಹಾಸನದ ಕಡೆಯಿಂದ ನಾಲ್ಕೈದು ಜನ ಕೇಳಿದ್ದಾರೆ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೀತಿದ್ದೀನಿ.

ಮೊದಲು ಸೋತ ಕತೆ. ಈ ಮಕ್ಕಳ ಚಿತ್ರದ ಮೊದಲ ಪ್ರದರ್ಶನ ಮೈಸೂರಲ್ಲಿ, ಬಾಡಿಗೆ ಹಾಲಿನಲ್ಲಿ, ಮೂರು ದಿನ. ಎಲ್ಲರೂ ಮಾಡುವ ಹಾಗೇ ಮಾಡಿದೆವು. ಫ್ಲೆಕ್ಸು, ದೀಪ, ಶಾಲು, ಹಣ್ಣಿನ ಬುಟ್ಟಿ, ನಾಲ್ಕು ಜನರ ಭಾಷಣ. ಬಾಡಿಗೆ ಒಂಬತ್ತು ಸಾವಿರ, ಫ್ರೇಮಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಸಾವಿರ, ಉಳಿದದ್ದು ಊಟ, ಗಾಡಿ, ಸನ್ಮಾನ ಅಂತ ಸೇರಿ ಒಟ್ಟು 46 ಸಾವಿರದ ಹತ್ತಿರ ಹೋಯಿತು. ಮಾರಾಟವಾದದ್ದು ಒಂದೇ ಚಿತ್ರ, 3,500ಕ್ಕೆ. ಕೊಂಡವರು ಅದನ್ನು ಬರೆದ ಹುಡುಗನ ಸೋದರಮಾವ. ಭಾಷಣ ಮುಗಿದ ಮೇಲೆ ಹಾಲಿನಲ್ಲಿ ಉಳಿದವರು ನಾವು, ನಮ್ಮ ಚಿತ್ರ, ಅರ್ಧ ತಿಂದ ಬೋಂಡಾ. ಸನ್ಮಾನ ಮಾಡಿಸಿಕೊಂಡವರಲ್ಲಿ ಒಬ್ಬರೂ ಒಂದು ಚಿತ್ರದ ಬೆಲೆ ಕೂಡ ಕೇಳಲಿಲ್ಲ.

ಎರಡನೇ ಸೋಲು ಇದಕ್ಕಿಂತ ಕೆಟ್ಟದ್ದು. ಹಾಲ್ ಬಾಡಿಗೆ ಯಾಕೆ, ಜನ ಇರುವ ಕಡೆಗೇ ಚಿತ್ರ ಹೋಗಲಿ ಅಂತ ಮಕ್ಕಳ ಹತ್ರ 20 ಚಿತ್ರ ಎರವಲು ತಂದು ಒಂದು ಕಚೇರಿಯ ಮೊಗಸಾಲೆಯಲ್ಲಿ ತೂಗುಹಾಕಿದೆ. ಯೋಚನೆ ಸರಿಯಾಗೇ ಇತ್ತು. ಆದರೆ ಪುಕ್ಕಟೆ ಬಂದ ವಸ್ತುವನ್ನು ಯಾರು ನೋಡಿಕೊಳ್ತಾರೆ? ಮಳೆಗಾಲ ಮುಗಿಯುವಷ್ಟರಲ್ಲಿ ಆರು ಚಿತ್ರಕ್ಕೆ ಬೂಷ್ಟು ಹಿಡಿದಿತ್ತು, ಎರಡರ ಗಾಜು ಒಡೆದಿತ್ತು, ಒಂದು ಕಾಣೆಯಾಗಿತ್ತು. ಅದು ನೇತುಹಾಕಿದ್ದ ಮೊಳೆಗೆ ಒಂದು ಕ್ಯಾಲೆಂಡರ್ ಹಾಕಿದ್ದರು! ಆ ಚಿತ್ರ ಬರೆದ ಹುಡುಗಿಯ ಅಪ್ಪ ಪಾಂಡವಪುರದಿಂದ ಬಸ್ಸಲ್ಲಿ ಬಂದು, "ಮೇಷ್ಟ್ರೇ, ನನ್ ಮಗಳ ಚಿತ್ರ ಎಲ್ಲಿ ಸಾ?" ಅಂತ ಕೇಳಿದರು. ಜಗಳ ಆಡಲಿಲ್ಲ, ಬರೀ ಕೇಳಿದರು. ಕೈಯಿಂದ ನಾಲ್ಕು ಸಾವಿರ ಕೊಟ್ಟೆ. ದುಡ್ಡು ಎಣಿಸಿಕೊಂಡು, "ಇಷ್ಟ್ ಕೊಡ್ತಾರಾ ಸಾ ಇದಕ್ಕೆ?" ಅಂದರು. ಮಗಳು ಬರೆದದ್ದಕ್ಕೂ ಒಂದು ಬೆಲೆ ಇದೆ ಅಂತ ಅವರಿಗೆ ಗೊತ್ತಾದದ್ದು ಚಿತ್ರ ಕಳೆದುಹೋದ ಮೇಲೆ.

ಅವತ್ತು ರಾತ್ರಿ ತಲೆಗೆ ಬಂತು. ತೋರಿಸಿ ಆಮೇಲೆ ಮಾರೋದಲ್ಲ, ಮೊದಲು ಕೊಂಡು ಆಮೇಲೆ ತೋರಿಸಬೇಕು. ಇದು ನಾನೇನೂ ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನಲ್ಲಿ ಆರ್ಟ್ಸ್ ಕೌನ್ಸಿಲ್ ಕಲೆಕ್ಷನ್ ಅಂತ 1946ರಿಂದ ಇದೆ. ಬದುಕಿರುವ ಕಲಾವಿದರ ಕೆಲಸವನ್ನು ಅವರು ಹೆಸರು ಮಾಡುವ ಮುಂಚೆಯೇ ಕೊಂಡು, ಆಸ್ಪತ್ರೆ, ಲೈಬ್ರರಿ, ಶಾಲೆಗಳಿಗೂ ಎರವಲು ಕೊಡುತ್ತಾರೆ. ಅಷ್ಟು ದೂರ ಯಾಕೆ, ಕಲಾವಿದ ಕೆ. ವೆಂಕಟಪ್ಪನವರನ್ನು ಕಲ್ಕತ್ತಾಕ್ಕೆ ಅವನೀಂದ್ರನಾಥ ಟಾಗೋರರ ಹತ್ರ ಕಲಿಯೋಕೆ ಕಳಿಸಿದ್ದು ನಮ್ಮ ಮೈಸೂರು ಅರಮನೆ ಅಲ್ವಾ? ಹೆಸರು ಬರುವ ಮೊದಲೇ ದುಡ್ಡು ಹಾಕೋದು ಅಂದ್ರೆ ಅದು. ಮಂಡ್ಯದಲ್ಲಿ ಅರಮನೆ ಇಲ್ಲ. ಆದರೆ ಚೀಟಿ ಇದೆ.

ಹೌದು, ಚೀಟಿ. ನಮ್ಮ ಊರಲ್ಲಿ ಎಲ್ಲರಿಗೂ ಅರ್ಥವಾಗುವ ಒಂದೇ ಹಣಕಾಸು ವಿದ್ಯೆ. 24 ಜನ, ತಿಂಗಳಿಗೆ 500, ಎರಡು ವರ್ಷ. ತಿಂಗಳಿಗೆ 12 ಸಾವಿರ ಕೂಡುತ್ತೆ. ಅದರಲ್ಲಿ ಎರಡು ಚಿತ್ರ ಕೊಳ್ಳೋದು, ಒಂದಕ್ಕೆ ಸುಮಾರು ನಾಲ್ಕು ಸಾವಿರ. ಫ್ರೇಮು, ಪಕ್ಕದಲ್ಲಿ ಹೆಸರಿನ ಚೀಟಿ ಅಂಟಿಸೋದು ಎಲ್ಲ ಸೇರಿ ಚಿತ್ರಕ್ಕೆ 1,300. ಉಳಿದದ್ದು ಲಗೇಜ್ ಆಟೋ, ಟೀ. ಕೊಂಡ ಚಿತ್ರ ಎರಡು ವರ್ಷ ಊರಿನ ಗೋಡೆಗಳ ಮೇಲೆ ಸುತ್ತುತ್ತೆ. ಕೊನೆಗೆ ಲಾಟರಿ ಎತ್ತಿ, ಬಂದ ನಂಬರಿನ ಕ್ರಮದಲ್ಲಿ ಒಬ್ಬೊಬ್ಬ ಸದಸ್ಯ ತನಗೆ ಬೇಕಾದ ಒಂದು ಚಿತ್ರ ಮನೆಗೆ ಒಯ್ಯುತ್ತಾನೆ. ಮಿಕ್ಕದ್ದು ಊರಿನ ಸಂಗ್ರಹಕ್ಕೆ. ವಕೀಲ ಗೆಳೆಯರೊಬ್ಬರು "ಮೇಷ್ಟ್ರೇ, ದಯವಿಟ್ಟು ಎಲ್ಲೂ ಚೀಟಿ ಅಂತ ಬರೀಬೇಡಿ, ಟ್ರಸ್ಟ್ ಮಾಡಿ, ಸದಸ್ಯತ್ವ ಅಂತ ಬರೀರಿ" ಅಂದರು. ಹಾಗೇ ಮಾಡಿದೆವು. ನೀವೂ ವಕೀಲರನ್ನು ಕೇಳಿಯೇ ಶುರುಮಾಡಿ.

ಸದಸ್ಯರು ಯಾರು ಅಂದ್ರೆ ಇಬ್ಬರು ಡಾಕ್ಟರು, ಗೊಬ್ಬರದ ಅಂಗಡಿಯವರು, ನಮ್ಮ ಶಾಲೆಯ ಆರು ಜನ ಟೀಚರು, ಒಬ್ಬ ಟೈಲರ್, ಹೀಗೆ. ಕಲೆಯ ಬಗ್ಗೆ ಜಾಸ್ತಿ ಮಾತಾಡುವವರನ್ನು ಬೇಕಂತಲೇ ಕರೆಯಲಿಲ್ಲ. ಎಂಟನೇ ತಿಂಗಳಲ್ಲಿ ಐದು ಜನ ಕೈಬಿಟ್ಟರು. ಆ ತಿಂಗಳೂ ಆಮೇಲೆ ಕೆಲವು ತಿಂಗಳೂ ಒಂದೊಂದೇ ಚಿತ್ರ ಕೊಂಡೆವು. ಕಬ್ಬಿನ ಬಿಲ್ಲು ಬಂದ ಮೇಲೆ ಇಬ್ಬರು ವಾಪಸ್ ಬಂದು ಬಾಕಿಯೂ ಕಟ್ಟಿದರು. ಮುಗಿಯುವಾಗ 21 ಜನ, 43 ಚಿತ್ರ. ಅಂದ್ರೆ 21 ಮನೆಗೆ, 22 ಊರಿಗೆ.

ಯಾವ ಚಿತ್ರ ಕೊಳ್ಳಬೇಕು ಅನ್ನೋದರಲ್ಲಿ ಜಗಳ ಆಗೇ ಆಗುತ್ತೆ. ಮೊದಲ ಮೂರು ತಿಂಗಳು ವೋಟು ಹಾಕಿಸಿದೆ, ದೊಡ್ಡ ತಪ್ಪು. ಆರಕ್ಕೆ ಆರೂ ಬಸವಣ್ಣ, ಜೋಡೆತ್ತು, ಸೂರ್ಯಾಸ್ತ. ಆಮೇಲೆ ಒಂದು ಚಿತ್ರ ವೋಟಿನಲ್ಲಿ, ಇನ್ನೊಂದು ನಾನು ಆರಿಸಿದ್ದು ಅಂತ ಮಾಡಿದೆ. ನಾನು ಹೇಗೆ ಆರಿಸುತ್ತೇನೆ ಅಂತ ಇಲ್ಲಿ ಬರೆಯಲ್ಲ, ಬರೆದರೆ ಮಕ್ಕಳು ಹಾಗೇ ಬರೆಯೋಕೆ ಶುರುಮಾಡ್ತಾರೆ.

ಕೊಳ್ಳುವಾಗ ಒಂದು ಪುಟದ ಕಾಗದಕ್ಕೆ ಇಬ್ಬರೂ ಸಹಿ ಹಾಕುತ್ತೇವೆ. ಚಿತ್ರ ನಮ್ಮದು, ಕಾಪಿರೈಟ್ ಬರೆದವರದು. ಇದು ಮೊದಲೇ ಇರಲಿಲ್ಲ. ಒಬ್ಬರು ನಮ್ಮ ಗೋಡೆಯ ಮೇಲಿನ ಚಿತ್ರದ ಫೋಟೋ ತೆಗೆದು ಮದುವೆ ಲಗ್ನಪತ್ರಿಕೆ ಮೇಲೆ ಅಚ್ಚು ಹಾಕಿಸಿಬಿಟ್ಟಿದ್ದರು, ಕೇಳಲೂ ಇಲ್ಲ. ಇನ್ನೊಂದು ಸಾಲು, ಕಾಪಿರೈಟ್ ಕಾಯ್ದೆಯ 53ಎ ಕಲಮು. ಮೂಲ ಚಿತ್ರವನ್ನು ಮರುಮಾರಾಟ ಮಾಡಿದಾಗ ಬೆಲೆ 10 ಸಾವಿರ ದಾಟಿದರೆ ಬರೆದವರಿಗೂ ಪಾಲು ಉಂಟು, ಗರಿಷ್ಠ 10 ಪರ್ಸೆಂಟ್. ನಮ್ಮ ಕಾಗದದಲ್ಲಿ ನೇರವಾಗಿ ಹತ್ತು ಅಂತಲೇ ಬರೆದಿದ್ದೇವೆ. ಒಬ್ಬ ಸದಸ್ಯರು ಗೊಣಗಿದರು. ಗೊಣಗಲಿ.

ಈಗ ಗೋಡೆಯ ವಿಷಯ. ನನ್ನ ಹೆಮ್ಮೆ ಇರೋದೇ ಇಲ್ಲಿ. ಮೊದಲು ಲೈಬ್ರರಿಯಲ್ಲಿ ಹಾಕಿದೆವು. ಅಲ್ಲಿ ಎಲ್ಲರೂ ತಲೆ ಬಗ್ಗಿಸಿ ಪೇಪರ್ ಓದ್ತಾರೆ, ಯಾರೂ ತಲೆ ಎತ್ತಲ್ಲ. ಬಸ್ ನಿಲ್ದಾಣದಲ್ಲಿ ಹತ್ತು ದಿನ ಇತ್ತು. ಧೂಳು ಒರೆಸಬಹುದು, ಗುಟ್ಕಾ ಒರೆಸೋಕಾಗಲ್ಲ. ಆಸ್ಪತ್ರೆಯ ರಕ್ತ ಪರೀಕ್ಷೆ ಸಾಲು ಚೆನ್ನಾಗಿತ್ತು, ಜನ ಅರ್ಧ ಗಂಟೆ ನಿಂತೇ ಇರ್ತಾರೆ. ಆದರೆ ಹಾಸಿಗೆ ಹಿಡಿದ ಅಜ್ಜಿಯ ಚಿತ್ರ ಹಾಕಿ ಬೈಸಿಕೊಂಡೆ. "ಇಲ್ಲಿ ಒಳಗಡೆ ಇರೋದೇ ಸಾಕಾಗದಾ ಸಾ?" ಅಂದರು ಒಬ್ಬ ಹೆಂಗಸು. ನ್ಯಾಯವಾದ ಮಾತು. ಅವತ್ತೇ ಇಳಿಸಿದೆ. ಅದೇ ಗೋಡೆಗೆ ಮೈಸೂರು ಶೈಲಿಯ ಸರಸ್ವತಿ ಹಾಕಿದೆ, ಚಿನ್ನದ ರೇಕು, ಗೆಸ್ಸೋ ಅನ್ನೋ ಉಬ್ಬು ಕೆಲಸ ಎಲ್ಲ ಇದ್ದದ್ದು. ಮೂರೇ ದಿನಕ್ಕೆ ಕುಂಕುಮ ಬಿತ್ತು, ವಾರಕ್ಕೆ ಊದುಬತ್ತಿ. ಗಾಜು ಹೊಗೆ ಹಿಡಿದು, ಬರೆದ ಹುಡುಗಿಯ ಹೆಸರಿನ ಮೇಲೆ ಅರಿಶಿನ. ದೇವರನ್ನು ಗೋಡೆಗೆ ಹಾಕಿದ ಮೇಲೆ ಇಳಿಸೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಅದು ಇವತ್ತಿಗೂ ಅಲ್ಲೇ ಇದೆ, ಲೆಕ್ಕದಲ್ಲಿ ಮಾತ್ರ ನಮ್ಮದು.

ಕೊನೆಗೆ ಸಿಕ್ಕಿದ್ದು ಸಬ್ ರಿಜಿಸ್ಟ್ರಾರ್ ಕಚೇರಿ. ಯೋಚಿಸಿ ನೋಡಿ. ಸೈಟು, ಮನೆ ನೋಂದಣಿಗೆ ಬಂದವರು. ಸರ್ವರ್ ಡೌನ್ ಅಂತ ಎರಡು ಗಂಟೆ ಕೂತಿರ್ತಾರೆ. ಕೈಯಲ್ಲಿ ದುಡ್ಡಿನ ಓಡಾಟ ಇದೆ, ತಲೆಯಲ್ಲಿ ಹೊಸ ಮನೆ ಇದೆ, ಆ ಮನೆಗೆ ಖಾಲಿ ಗೋಡೆ ಇರುತ್ತೆ. ಇಂಥದ್ದೇ ಒಂದು ಬರೆದುಕೊಡಿ ಅಂತ ನಮ್ಮ ಮಕ್ಕಳಿಗೆ ಬಂದ ಆರ್ಡರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದಲೇ ಬಂದದ್ದು. ಅನುಮತಿ ಹೇಗೆ ಸಿಕ್ಕಿತು ಅಂತ ಕೇಳಬೇಡಿ. ಲಂಚ ಅಲ್ಲ, ಅಷ್ಟು ಹೇಳ್ತೀನಿ. ಅರ್ಜಿ ಬರೆಯೋದರಲ್ಲೇ ಒಂದು ಯುಕ್ತಿ ಇದೆ.

ಅಲ್ಲಿ ತುಂಬಾ ಓಡಿದ ಚಿತ್ರ ಶ್ರೀರಂಗಪಟ್ಟಣದ ಹುಡುಗನದು. ಅವನು ಚಿಕ್ಕಂದಿನಿಂದ ಟಿಪ್ಪುವಿನ ದರಿಯಾ ದೌಲತ್ ಅರಮನೆ ಗೋಡೆಯ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿ ಬೆಳೆದವನು. ಅಲ್ಲಿ ಸಾಲುಸಾಲಾಗಿ ಕುದುರೆ, ಸಿಪಾಯಿ ಇದ್ದಾರಲ್ಲ, ಅದೇ ರೀತಿ ಇವನು ಸಕ್ಕರೆ ಕಾರ್ಖಾನೆ ಗೇಟಿನ ಮುಂದೆ ನಿಂತ ಕಬ್ಬಿನ ಟ್ರಾಕ್ಟರುಗಳನ್ನು ಸಾಲುಸಾಲಾಗಿ ಬರೆದ, ನೂರಕ್ಕೂ ಮೇಲೆ. ಜನ ಹತ್ತಿರ ಹೋಗಿ ತಮ್ಮ ಟ್ರಾಕ್ಟರ್ ಹುಡುಕ್ತಾರೆ. "ನೋಡ್ಲಾ, ಇದು ನಮ್ದೇ ಕಣ್ಲಾ" ಅಂತ ಒಬ್ಬರು ಮಗನಿಗೆ ತೋರಿಸ್ತಿದ್ದದ್ದನ್ನು ನಾನೇ ಕೇಳಿದ್ದೇನೆ. ನಾವು ಅದನ್ನು ಕೊಂಡದ್ದು 4,500ಕ್ಕೆ. ಈಗ ಅವನು ಅಂಥದ್ದಕ್ಕೆ 12 ಸಾವಿರ ಹೇಳ್ತಾನೆ, ಕೊಡುವವರೂ ಇದ್ದಾರೆ. ಒಂದು ಛತ್ರದ 40 ಅಡಿ ಗೋಡೆ ಕೂಡ ಸಿಕ್ಕಿದೆ.

ಚಿತ್ರದ ಪಕ್ಕದ ಚೀಟಿಯ ಬಗ್ಗೆ ಹೇಳಲೇಬೇಕು. ಜಗನ್ಮೋಹನ ಅರಮನೆಯ ದೀಪ ಹಿಡಿದ ಹುಡುಗಿಯ ಚಿತ್ರ ಶಾಲಾ ಪ್ರವಾಸ ಹೋದವರೆಲ್ಲ ನೋಡಿರ್ತಾರೆ. ಯಾರದು ಅಂತ ಕೇಳಿ, ಹತ್ತರಲ್ಲಿ ಎಂಟು ಜನ ರವಿವರ್ಮ ಅಂತಾರೆ. ಅದು ಎಸ್.ಎಲ್. ಹಲ್ದಂಕರ್ ಅವರ ಜಲವರ್ಣ, ರೂಪದರ್ಶಿ ಅವರ ಮಗಳೇ. ಅಷ್ಟು ಪ್ರಸಿದ್ಧ ಚಿತ್ರಕ್ಕೇ ಈ ಗತಿ ಆದರೆ ನಮ್ಮ ಮಕ್ಕಳ ಗತಿ ಏನು? ಅದಕ್ಕೆ ನಮ್ಮ ಚೀಟಿ ಅಂಗೈ ಅಗಲದ್ದಲ್ಲ, ಎ-ಫೋರ್ ಹಾಳೆಯಷ್ಟು. ಹೆಸರು ಮೇಲೆ, ಊರು ಅದರ ಕೆಳಗೆ, ಆಮೇಲೆ ನಾವು ಕೊಟ್ಟ ಬೆಲೆ. ಬೆಲೆ ಹಾಕಿದ್ದಕ್ಕೆ ಕಲಾವಿದ ಮಿತ್ರರು ಬೈದರು, ಇದೇನು ತರಕಾರಿನಾ ಅಂತ. ಆದರೆ ಬೆಲೆ ಕೇಳೋಕೆ ನಮ್ಮ ಜನಕ್ಕೆ ನಾಚಿಕೆ. ಲಕ್ಷಗಟ್ಟಲೆ ಇರಬಹುದು ಅಂತ ಸುಮ್ನೆ ಹೋಗಿಬಿಡ್ತಾರೆ. ನಾಲ್ಕು ಸಾವಿರ ಅಂತ ಓದಿದ ಮೇಲೇ ಅವರು ನಿಂತು ಎರಡನೇ ಸಲ ನೋಡಿದ್ದು.

ಮೊದಮೊದಲು ಚೀಟಿಯಲ್ಲಿ ಬರೆದವರ ಫೋನ್ ನಂಬರೇ ಹಾಕಿದ್ದೆ. ಹುಡುಗಿಯರಿಗೆ ರಾತ್ರಿ ಹೊತ್ತು ಕೆಲಸವಿಲ್ಲದವರ ಕಾಲ್ ಬರತೊಡಗಿತು. ಅದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಎಲ್ಲ ಚೀಟಿ ಕಿತ್ತು ಹೊಸದು ಹಾಕಿಸಿದೆ, ಈಗ ಒಂದೇ ನಂಬರು. ಎತ್ತೋದು ನನ್ನ ಹೆಂಡತಿ. ಪೋಲಿ ಕಾಲುಗಳು ಒಂದೇ ವಾರದಲ್ಲಿ ನಿಂತವು!

ತೇವಕ್ಕೆ ಮದ್ದು ಹಳೇ ಹವಾಯಿ ಚಪ್ಪಲಿ. ಬೆರಳಗಲ ಕತ್ತರಿಸಿ ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಅಂಟಿಸಿ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತೆ, ಬೂಷ್ಟು ಹಿಡಿಯಲ್ಲ. ಗಾಜಿನ ಬದಲು ಅಕ್ರಿಲಿಕ್ ಶೀಟ್ ಹಾಕಿದರೆ ಹಗುರ, ಆದರೆ ಒಣ ಬಟ್ಟೆಯಲ್ಲಿ ಉಜ್ಜಿ ಗೀರು ಬೀಳಿಸ್ತಾರೆ. ಕಳುವಾಗದ ಹಾಗೆ ಒಂದು ಕೊಕ್ಕೆ ಮಾಡಿಸಿದ್ದೇನೆ, ಗುತ್ತಲು ಕಡೆಯ ವೆಲ್ಡಿಂಗ್ ಅಂಗಡಿಯಲ್ಲಿ 35 ರೂಪಾಯಿಗೆ ಒಂದು. ಅದರ ನಕ್ಷೆ ಇಲ್ಲಿ ಹಾಕಿದರೆ ಮಾಡಿಸಿದ್ದೇ ದಂಡ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಫ್ರೇಮಿನ ಹಿಂದಿನ ರಟ್ಟಿಗೆ ದುಡ್ಡು ಯಾಕೆ, ಹಿಂಡಿದ ಕಬ್ಬಿನ ಸಿಪ್ಪೆ ಬೇಕಾದಷ್ಟಿದೆ ಅಂತ ಅದನ್ನು ನೆನೆಸಿ, ಕುಟ್ಟಿ, ಗೋಂದು ಹಾಕಿ, ಕಲ್ಲು ಹೇರಿ ಹಲಗೆ ಮಾಡಿದೆ. ನೋಡೋಕೆ ಬಹಳ ಚೆನ್ನಾಗಿತ್ತು. ನಾಲ್ಕನೇ ದಿನ ಇರುವೆ. ಸರಿಯಾಗಿ ತೊಳೆದಿರಲಿಲ್ಲ, ಸಿಹಿ ಉಳಿದಿತ್ತು. ಒಂದು ಚಿತ್ರದ ಅಂಚು ಹಾಳಾಯಿತು. ಇನ್ನೊಂದು ಸಲ ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಯಲ್ಲೇ ಎರಡು ದಿನ ಪ್ರದರ್ಶನ ಇಟ್ಟೆವು. ಬೆಂಗಳೂರು ಕಡೆಗೆ ಹೋಗುವ ಕಾರಿನವರು ಬಿಸಿ ಬೆಲ್ಲಕ್ಕೆ ನಿಂತು ಐದು ಚಿತ್ರ ಕೊಂಡರು. ಖರ್ಚು ಬರೀ ಆರುನೂರು ಚಿಲ್ಲರೆ. ಫ್ರೇಮೆಲ್ಲಾ ಅಂಟಂಟಾಗಿ ಒರೆಸೋಕೆ ಒಂದು ಭಾನುವಾರ ಹೋಯಿತು, ಆದರೂ ಮತ್ತೆ ಮಾಡ್ತೀನಿ.

ಲೆಕ್ಕ ಬೇಕಲ್ಲ. 17 ಮಕ್ಕಳ ಚಿತ್ರ ಕೊಂಡೆವು. ಅವರಲ್ಲಿ ಏಳು ಜನಕ್ಕೆ ಆಗಾಗ ಆರ್ಡರ್ ಬರ್ತಿದೆ, ನನ್ನ ಹೆಂಡತಿಯ ಡೈರಿ ಪ್ರಕಾರ ಎರಡು ವರ್ಷದಲ್ಲಿ ಮೂರೂವರೆ ಲಕ್ಷದ ಹತ್ತಿರ. ನಾವು ಕಮಿಷನ್ ತಗೊಳ್ಳಲ್ಲ. ನಾಲ್ಕು ಜನ ಬರೆಯೋದನ್ನೇ ಬಿಟ್ಟರು, ಒಬ್ಬ ಬೆಂಗಳೂರಲ್ಲಿ ಡೆಲಿವರಿ ಕೆಲಸಕ್ಕೆ ಸೇರಿದ. ಉಳಿದವರದು ಅಲ್ಲಿಗಲ್ಲಿಗೆ. ದುಡ್ಡಿಗಿಂತ ಕೆಲವರಿಗೆ ಕೆಲಸಕ್ಕೆ ಬಂದದ್ದು ಬಯೋಡೇಟಾದ ಒಂದು ಸಾಲು, 'ಸಾರ್ವಜನಿಕ ಸಂಗ್ರಹದಲ್ಲಿ ಎರಡು ಕೃತಿ' ಅಂತ. ಚಿತ್ರಸಂತೆಗೋ ಶಿಬಿರಕ್ಕೋ ಅರ್ಜಿ ಹಾಕುವಾಗ ಆ ಜಾಗದಲ್ಲಿ ಮೊದಲು ಇವರು ಗೆರೆ ಎಳೀತಿದ್ದರು.

ಎರಡನೇ ಸುತ್ತು ಯುಗಾದಿಗೆ ಶುರುವಾಯಿತು, ಈ ಸಲ 30 ಜನ. ಮೊದಲು ನಕ್ಕಿದ್ದ ಬೆಂಗಳೂರಿನ ಗೆಳೆಯನೂ ಫೋನ್ ಮಾಡಿ, "ನಂದೂ ಒಂದು ಹೆಸರು ಬರ್ಕೋ ಗುರೂ, ಆ ಟ್ರಾಕ್ಟರ್ ಹುಡುಗನದು ಇನ್ನೊಂದು ಕೊಳ್ತೀರಾ?" ಅಂದ. ಬರ್ಕೊಂಡಿದ್ದೀನಿ, ಪಟ್ಟಿಯಲ್ಲಿ 27ನೇ ಹೆಸರು. ಮೊದಲ ತಿಂಗಳ 500 ಇನ್ನೂ ಬಂದಿಲ್ಲ.