ಲಾರಾವೆಲ್ ಎಪಿಐ: 422 ಬದಲು ಹೋಮ್ ಪೇಜ್ ಬರುತ್ತಿದ್ದರೆ

ಲಾರಾವೆಲ್ 11ರಲ್ಲಿ (ಪಿಎಚ್‌ಪಿ ಭಾಷೆಯ ವೆಬ್ ಫ್ರೇಮ್‌ವರ್ಕ್) ಬರೆದ ಎಪಿಐ, ಅಂದರೆ ಬೇರೆ ಪ್ರೋಗ್ರಾಂಗಳು ಡೇಟಾ ಕಳಿಸುವ, ಪಡೆಯುವ ದಾರಿ. ಸರಿಯಾದ ಡೇಟಾ ಕಳಿಸಿದರೆ ತೊಂದರೆ ಇಲ್ಲ. ಇಮೇಲ್ ಖಾಲಿ ಬಿಟ್ಟು ಪೋಸ್ಟ್‌ಮ್ಯಾನ್‌ನಿಂದ (ಎಪಿಐ ಪರೀಕ್ಷಿಸುವ ಟೂಲ್) ಕಳಿಸಿದರೆ 422 (ಡೇಟಾ ಸರಿಯಿಲ್ಲ ಎನ್ನುವ ಕೋಡ್) ಬರಬೇಕು, ಅಲ್ವಾ? ಬರುತ್ತಿದ್ದದ್ದು 200 (ಎಲ್ಲಾ ಸರಿ ಎನ್ನುವ ಕೋಡ್), ಜೊತೆಗೆ ಹೋಮ್ ಪೇಜಿನ ಪೂರ್ತಿ ಎಚ್‌ಟಿಎಂಎಲ್. ಲಾಗ್‌ನಲ್ಲಿ ಒಂದು ಸಾಲೂ ಇಲ್ಲ.

ಕಂಟ್ರೋಲರ್‌ನಲ್ಲಿ (ರಿಕ್ವೆಸ್ಟ್‌ಗೆ ಉತ್ತರ ಕೊಡುವ ಕೋಡ್) ಟ್ರೈ-ಕ್ಯಾಚ್ (ಎಕ್ಸೆಪ್ಷನ್ ಅಂದರೆ ಎರರ್ ಹಿಡಿಯುವ ಕೋಡ್) ಹಾಕಿದೆ, ಉಪಯೋಗವಾಗಲಿಲ್ಲ. ಫಾರ್ಮ್ ರಿಕ್ವೆಸ್ಟ್ (ಬಂದ ಡೇಟಾ ಪರೀಕ್ಷಿಸುವ ಲಾರಾವೆಲ್ ಕ್ಲಾಸ್) ಬಳಸಿದಾಗ ಮೆಥಡ್ ಶುರುವಾಗುವ ಮೊದಲೇ ಎಕ್ಸೆಪ್ಷನ್ ಬಿದ್ದಿರುತ್ತದೆ, ಕ್ಯಾಚ್‌ಗೆ ಸಿಗುವುದೇ ಇಲ್ಲ. ಕಂಟೆಂಟ್-ಟೈಪ್ ಹೆಡರ್ ಅನ್ನು ಜೇಸನ್ (ಡೇಟಾ ಬರೆಯುವ ಒಂದು ರೂಪ) ಮಾಡಿದ್ದೂ ಸುಮ್ನೆ. ಅದು ನಾವು ಕಳಿಸುವುದರ ಬಗ್ಗೆ ಹೇಳುತ್ತದೆ, ವಾಪಸ್ ಏನು ಬೇಕು ಅಂತ ಅಲ್ಲ. ಕ್ಯಾಶ್ ಕ್ಲಿಯರ್ ಮಾಡಿದ್ದನ್ನಂತೂ ಬಿಡಿ.

ಪೋಸ್ಟ್‌ಮ್ಯಾನ್ ಸೆಟ್ಟಿಂಗ್ಸ್‌ನಲ್ಲಿ ರೀಡೈರೆಕ್ಟ್ ಫಾಲೋ ಮಾಡುವುದನ್ನು ಆಫ್ ಮಾಡಿದಾಗ ಗುಟ್ಟು ಗೊತ್ತಾಯಿತು. ನಿಜವಾದ ಉತ್ತರ 302, ಅಂದರೆ ಬೇರೆ ವಿಳಾಸಕ್ಕೆ ಹೋಗು ಎನ್ನುವ ರೀಡೈರೆಕ್ಟ್. ವ್ಯಾಲಿಡೇಷನ್ ಎಕ್ಸೆಪ್ಷನ್ (ಡೇಟಾ ಪರೀಕ್ಷೆಯಲ್ಲಿ ಸಿಕ್ಕ ಎರರ್) ಬಂದಾಗ ಲಾರಾವೆಲ್ ಮುಖ್ಯವಾಗಿ ಆಕ್ಸೆಪ್ಟ್ ಹೆಡರ್ (ಉತ್ತರ ಯಾವ ರೂಪದಲ್ಲಿ ಬೇಕು ಅಂತ ಹೇಳುವ ಸಾಲು) ನೋಡುತ್ತದೆ. ಜೇಸನ್ ಕೇಳಿಲ್ಲ ಅಂದರೆ ಬ್ರೌಸರ್ ಫಾರ್ಮ್ ಇರಬೇಕು ಅಂದುಕೊಂಡು ಹಿಂದಿನ ಪುಟಕ್ಕೆ ಕಳಿಸುತ್ತದೆ. ಹಿಂದಿನ ಪುಟ ಯಾವುದು ಅಂತ ಗೊತ್ತಿಲ್ಲದಿದ್ದರೆ ಹೋಮ್ ಪೇಜಿಗೆ.

ಮೊದಲು ಆಕ್ಸೆಪ್ಟ್ ಹೆಡರ್‌ಗೆ 'ಅಪ್ಲಿಕೇಷನ್/ಜೇಸನ್' ಕೊಟ್ಟು ನೋಡಿ. 422 ಬಂದರೆ ಕಾಯಿಲೆ ಇದೇ. ಆದರೆ ಎಪಿಐ ಬಳಸುವ ಎಲ್ಲರೂ ಹೆಡರ್ ಹಾಕುತ್ತಾರೆ ಅಂತ ನಂಬಲು ಆಗಲ್ಲ, ಸರ್ವರ್ ಕಡೆಯೇ ಕಟ್ಟಿಹಾಕಬೇಕು. ಬೂಟ್‌ಸ್ಟ್ರ್ಯಾಪ್ ಫೋಲ್ಡರಿನ ಆ್ಯಪ್ ಡಾಟ್ ಪಿಎಚ್‌ಪಿ ತೆರೆಯಿರಿ. 'ವಿತ್ ಎಕ್ಸೆಪ್ಷನ್ಸ್' ಒಳಗೆ 'ಶುಡ್ ರೆಂಡರ್ ಜೇಸನ್ ವೆನ್' ಕರೆದು ಒಂದು ಫಂಕ್ಷನ್ ಕೊಡಿ. ವಿಳಾಸ 'ಎಪಿಐ/' ಎಂದು ಶುರುವಾದರೆ ಅಥವಾ 'ಎಕ್ಸ್‌ಪೆಕ್ಟ್ಸ್ ಜೇಸನ್' (ಕೇಳಿದವರಿಗೆ ಜೇಸನ್ ಬೇಕೇ ಎಂದು ನೋಡುವುದು) ನಿಜವಾದರೆ ಆ ಫಂಕ್ಷನ್ ಟ್ರೂ ಕೊಡಬೇಕು. ಎರಡನೆಯ ಷರತ್ತು ಬಿಡಬೇಡಿ. ಬಿಟ್ಟರೆ ವೆಬ್ ಪುಟಗಳ ಏಜಾಕ್ಸ್ ಕರೆಗಳಿಗೆ (ಪುಟ ಮರುಲೋಡ್ ಆಗದೆ ಹೋಗುವ ರಿಕ್ವೆಸ್ಟ್) ಜೇಸನ್ ಉತ್ತರ ಬರುವುದು ನಿಲ್ಲುತ್ತದೆ.

ಆಮೇಲೆ ಕಂಟ್ರೋಲರ್‌ನ ಟ್ರೈ-ಕ್ಯಾಚ್ ತೆಗೆದುಹಾಕಿ. ಅದರೊಳಗೆ ಯಾರಾದರೂ ನೇರವಾಗಿ ವ್ಯಾಲಿಡೇಟ್ ಕರೆದರೆ 422 ಅಲ್ಲೇ ನುಂಗಿಹೋಗುತ್ತದೆ.